ಸೀಗೆಯಿಂದ ಸಾಬೂನಿಗೆ

ಅರಸರ ಯುದ್ಧಗಳನ್ನೂ ಸಂಧಿಗಳನ್ನೂ ಕುರಿತು ನಮ್ಮಲ್ಲಿ ಗ್ರಂಥಗಳು ಬೇಕಾದಷ್ಟಿವೆ. ಅಡುಗೆಯ ಮನೆಯ ಚರಿತ್ರೆಯನ್ನು ಬರೆದ ವಿದ್ವಾಂಸರೂ ಇದ್ದಾರೆ. ಬಚ್ಚಲುಮನೆಯ ಚರಿತ್ರೆಗೆ ಮಾತ್ರ ಅಷ್ಟು ಗೌರವವು ಸಂದಂತೆ ಕಾಣುವುದಿಲ್ಲ. ಆದರೂ ಮನುಷ್ಯನು ತನ್ನ ಮೈಮೇಲೆಯೇ ಪ್ರಯೋಗಮಾಡಿ, ಒಪ್ಪಿದುದನ್ನು ಉಳಿಸಿಕೊಂಡು ಒಪ್ಪದುದನ್ನು ಬಿಡುತ್ತ ಬಂದಿರುವ ಸ್ಥಳವು ಅದೊಂದೇ ಎಂದರೆ ತಪ್ಪಾಗಲಾರದು. ಎಣ್ಣೆ, ಸೀಗೆ, ಹಿಟ್ಟು, ಚಂದನ, ಸಾಬೂನು, ಪೌಡರು ಇವುಗಳು ನಮ್ಮ ನಾಡಿನಲ್ಲಿ ನಡೆದುಬಂದ ದಾರಿಯನ್ನು ಸಂಕ್ಷೇಪವಾಗಿ ಹೇಳಿ, ಇವುಗಳನ್ನು ಬಳಸಿ ನೋಡಿದುದರಿಂದ ನನಗೆ ಉಂಟಾದ ಅಭಿಪ್ರಾಯಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಸ್ನಾನಕ್ಕೆ ಮುಂಚೆ ಎಣ್ಣೆಯೊತ್ತಿಕೊಳ್ಳುವ ಪದ್ಧತಿಯು ಬಹಳ ಹಳೆಯದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ದಿನಚರ್ಯೆಯನ್ನು ಹೇಳುವೆಡೆ, ಎಣ್ಣೆಯನ್ನುಂಡ ಮಡಕೆಯೂ ಚರ್ಮವೂ ಗಾಡಿಯ ಅಚ್ಚೂ ಹೇಗೆ ದೃಢವಾಗುವುವೋ ಹಾಗೆಯೇ ಅಭ್ಯಂಗದಿಂದ ಶರೀರವೂ ದೃಢವಾಗುವುದೆಂಬ ಅಭಿಪ್ರಾಯವಿದೆ. ಈ ಮೂರು ಉಪಮಾನಗಳೂ ಕುಂಬಾರ, ಚಮ್ಮಾರ, ಬಡಗಿ ಇವರ ಕೆಲಸದ ಮನೆಗಳಿಂದ ಬಂದವು. ಶಾಸ್ತ್ರಕಾರನು ಪ್ರಮಾಣವನ್ನು ಪರಲೋಕದಿಂದ ತರದೆ, ಎಲ್ಲರೂ ಕಣ್ಣಾರೆ ಕಂಡಿರುವ ವಸ್ತುಗಳಿಂದ ತಂದಿರುವುದು ಗಮನಿಸತಕ್ಕ ಅಂಶ.

ಕ್ರಿಸ್ತಶಕ 6ನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಹದಿನಾರು ಸುಗಂಧದ್ರವ್ಯಗಳಲ್ಲಿ ನಾಲ್ಕು ನಾಲ್ಕನ್ನು ಆರಿಸಿ, ಒಂದು, ಎರಡು, ಮೂರು, ನಾಲ್ಕು ಭಾಗಗಳಂತೆ ಬೆರೆಸುತ್ತ ಹೋದರೆ 1,74,720 ಬಗೆಯ ಗಂಧಗಳಾಗುವುವೆಂದು ಲೆಕ್ಕಹಾಕಿರುವ ಆ ಜ್ಯೋತಿಷಿಯ ಬುದ್ಧಿಯನ್ನು ಕಂಡು ಯಾರು ಬೆರಗಾಗರು? ನರೆತ ತಲೆಯವನಿಗೆ ಹೂಮಾಲೆಯೂ ಒಡವೆಯೂ ಒಪ್ಪುವುದಿಲ್ಲವಾದುದರಿಂದ ಕೂದಲಿಗೆ ಬಣ್ಣಕಟ್ಟಬೇಕೆಂದು ಹೇಳಿ, ಆತನು ಅದಕ್ಕೆ ಒಂದು ಕ್ರಮವನ್ನೂ ಕೊಡುತ್ತಾನೆ. ಹಾರಕದ ಅಕ್ಕಿಯನ್ನು ಕಬ್ಬಿಣದ ಪಾತ್ರೆಯಲ್ಲಿ, ಹುಳಿರಸದೊಡನೆ ಕಬ್ಬಿಣದ ಪುಡಿಯನ್ನೂ ಹಾಕಿ ಬೇಯಿಸಿ, ನುಣ್ಣಗೆ ಅರೆದು ತಲೆಗೆ ಹಚ್ಚಿ, ಹಸಿಯ ಎಲೆಗಳಿಂದ ಸುತ್ತಿ ಎರಡು ಜಾವ ಇರಬೇಕು. ಬಳಿಕ ಅದನ್ನು ತೆಗೆದು ನೆಲ್ಲಿಕಾಯಿಯ ಲೇಪವನ್ನು ಹಚ್ಚಿ ಮತ್ತೆ ಎರಡು ಜಾವ ಬಿಟ್ಟು ತೊಳೆಯಬೇಕು. ನೆಲ್ಲಿಯ ಒಗರು ಕಬ್ಬಿಣದೊಡನೆ ಕೂಡಿದಾಗ ಕಪ್ಪು ಹುಟ್ಟುತ್ತದೆ. ಹಿಂದಿನವರು ಬರೆಯುವ ಮಸಿಯನ್ನು ಮಾಡುತ್ತಿದ್ದುದೂ ಇದೇ ಕ್ರಿಯೆಯಿಂದ. ಇದಾದ ಮೇಲೆ ತಲೆಗಂಟಿದ ಕಬ್ಬಿಣದ ಮತ್ತು ಹುಳಿಯ ನಾತವನ್ನು ಸುಗಂಧತೈಲಗಳಿಂದ ಹೋಗಲಾಡಿಸಬೇಕೆಂಬ ಸೂಚನೆಯೂ ಉಂಟು. ತಾನು ಹಚ್ಚಿಕೊಂಡು ನೋಡದವನಿಗೆ, ಇಲ್ಲವೆ ಹಚ್ಚಿಕೊಂಡವರ ಪಕ್ಕದಲ್ಲಿ ಕುಳಿತು ನೋಡದವನಿಗೆ, ಈ ಕೊನೆಯ ಮಾತು ಹೊಳೆಯುತ್ತಿರಲಿಲ್ಲವೆಂದು ನನ್ನ ನಂಬಿಕೆ.

ಕನ್ನಡದಲ್ಲಿಯೂ ಈ ವಿದ್ಯೆಯು ಬೇಗನೆ ಕಾಲಿಟ್ಟಿತು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯನು ರಚಿಸಿದ ಲೋಕೋಪಕಾರವು ಜಲಶೋಧನೆ, ವೃಕ್ಷಾಯುರ್ವೇದ, ಸೂಪಶಾಸ್ತ್ರ ಇವುಗಳ ಜೊತೆಗೆ ಸುಗಂಧದ್ರವ್ಯಗಳನ್ನು ಕೂಡಿಸುವ ಬಗೆಯನ್ನೂ ಹೇಳುತ್ತದೆ. ಬಾವಿ ತೋಡುವುದೂ ಅಡುಗೆ ಮಾಡುವುದೂ ಎಷ್ಟು ಲೋಕಕ್ಕೆ ಉಪಕಾರವೋ, ಗಂಧವನ್ನು ಕೂಡಿಸುವುದೂ ಅಷ್ಟೇ ಉಪಕಾರವೆಂದು ಎಣಿಸಿದ ಆ ಕವಿಯ ದೃಷ್ಟಿ ಉದಾರವಾದುದು. ಅನಂತರ ನೂರು ವರ್ಷಗಳಾದ ಮೇಲೆ ಅದೇ ವಂಶದ ಮುಮ್ಮಡಿ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ರಾಜನ ಉಪಭೋಗಗಳನ್ನು ವರ್ಣಿಸುವಾಗ ಸ್ನಾನವನ್ನೂ ವಿಲೇಪನವನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ವಿಸ್ತರಿಸಿದ್ದಾನೆ.

ಅರಮನೆಯ ಮಾತು ಹಾಗಿರಲಿ. ಸಾಮಾನ್ಯ ಸಂಸಾರಗಳ ಬಚ್ಚಲಿನಲ್ಲಿ ಕಸ್ತೂರಿಯೂ ಇರಲಿಲ್ಲ, ಕುಂಕುಮಕೇಸರಿಯೂ ಇರಲಿಲ್ಲ. ಅಲ್ಲಿದ್ದವು ಸೀಗೆಪುಡಿ, ಅಂಟುವಾಳ, ಕಡಲೆಹಿಟ್ಟು, ಹೆಸರುಹಿಟ್ಟು, ಮೆಂತ್ಯ, ಅರಿಸಿನ. ಮಲೆನಾಡಿನಲ್ಲಿ ದಾಸವಾಳದ ಸೊಪ್ಪನ್ನು ಕಿವುಚಿ ತೆಗೆದ ಲೋಳೆ. ದೀಪಾವಳಿಯ ನೀರು ತುಂಬುವ ಹಬ್ಬದಲ್ಲಿ ಹಂಡೆಯನ್ನು ತೊಳೆದು ಬಳಿದು ಸಿಂಗರಿಸಿ, ಮರುದಿನ ನರಕಚತುರ್ದಶಿಯ ನಸುಕಿನಲ್ಲಿ ಮನೆಮಂದಿಯೆಲ್ಲ ಅಭ್ಯಂಜನಮಾಡುವ ಸಂಪ್ರದಾಯವನ್ನು ನೋಡಿದರೆ, ನಮ್ಮವರು ಸ್ನಾನವನ್ನು ಎಷ್ಟು ಆದರದಿಂದ ಕಂಡಿದ್ದರೆಂಬುದು ತಿಳಿಯುತ್ತದೆ. ಈ ಪದಾರ್ಥಗಳಿಗೆ ಗ್ರಂಥದ ಆಧಾರಕ್ಕಿಂತ ಮನೆಯ ಹಿರಿಯ ಹೆಂಗಸರ ಕೈಯೇ ಆಧಾರವಾಗಿತ್ತು. ಸೊಸೆಯ ಕೂದಲಿಗೆ ಮೆಂತ್ಯ ಎಷ್ಟು ಬೇಕು, ಮಗುವಿನ ಮೈಗೆ ಯಾವ ಹಿಟ್ಟು ಒರಟಾಗುವುದು, ಯಾರಿಗೆ ಹರಳೆಣ್ಣೆ ತಡೆಯದು ಎಂಬುದನ್ನು ಅವರು ಒಬ್ಬೊಬ್ಬರ ಮೈಯನ್ನು ನೋಡಿ ತಿಳಿದಿದ್ದರು.

ಸೀಗೆಯ ಗುಣವನ್ನು ರಸಾಯನಶಾಸ್ತ್ರವೂ ಒಪ್ಪುತ್ತದೆ. ಸೀಗೆ ಅಂಟುವಾಳಗಳಲ್ಲಿ ನೊರೆಗೊಡುವ ಸ್ಯಾಪೊನಿನ್ ಎಂಬ ಅಂಶವಿದೆ. ಬಯಲುಸೀಮೆಯ ಅನೇಕ ಬಾವಿಗಳ ನೀರು ಗಡಸು. ಅದರಲ್ಲಿರುವ ಸುಣ್ಣದ ಅಂಶವು ಸಾಬೂನಿನೊಡನೆ ಕೂಡಿ ನೊರೆಯನ್ನು ಕೆಡಿಸಿ, ಜಿಗುಟಾದ ಬಿಳಿಯ ಗಸಿಯನ್ನು ಮೈಮೇಲೂ ತಲೆಯ ಮೇಲೂ ನಿಲ್ಲಿಸುತ್ತದೆ. ಸೀಗೆಗೆ ಈ ತೊಡಕಿಲ್ಲ. ಹೀಗೆ ನೀರಿಗೆ ತಕ್ಕ ಪದಾರ್ಥವನ್ನು ನಮ್ಮ ಹಳ್ಳಿಗರು ಶಾಸ್ತ್ರದ ಹೆಸರನ್ನರಿಯದೆಯೇ ಆರಿಸಿಕೊಂಡಿದ್ದರು.

ಸಾಬೂನೆಂಬ ಮಾತು ಅರಬ್ಬೀ ಭಾಷೆಯಿಂದ ಹೊರಟುದು. ಕೊಬ್ಬನ್ನೋ ಎಣ್ಣೆಯನ್ನೋ ಕ್ಷಾರದೊಡನೆ ಕುದಿಸಿ ಸಾಬೂನು ಮಾಡುವ ವಿದ್ಯೆಯು ಪ್ರಾಚೀನವಾದರೂ, ಅದು ಬಡವರ ಕೈಗೆಟುಕುವಂತಾದುದು ಈಚೆಗೆ. 1791ರಲ್ಲಿ ಫ್ರಾನ್ಸಿನ ಲೆಬ್ಲಾಂಕ್ ಎಂಬಾತನು ಉಪ್ಪಿನಿಂದ ಸೋಡ ಮಾಡುವ ಕ್ರಮಕ್ಕೆ ಹಕ್ಕುಪತ್ರವನ್ನು ಪಡೆದನು. 1823ರಲ್ಲಿ ಷೆವ್ರಲನು ಕೊಬ್ಬುಗಳ ರಚನೆಯನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದನು. ಆಮೇಲೆ ಕಾರ್ಖಾನೆಗಳೆದ್ದು, ಸಾಬೂನು ಹಡಗಿನಲ್ಲಿ ನಮ್ಮ ದೇಶಕ್ಕೂ ಬಂದಿತು. ಅದರಲ್ಲಿ ಯಾವ ಪ್ರಾಣಿಯ ಕೊಬ್ಬಿದೆಯೋ ಎಂಬ ಶಂಕೆಯಿಂದ ಅದನ್ನು ಒಳಕ್ಕೆ ಸೇರಿಸದ ಮನೆಗಳು ಹಲವು. ಆ ಶಂಕೆಯನ್ನು ಮೂಢತನವೆಂದು ನಗುವವರಿದ್ದಾರೆ. ಮೈಗೆ ಹಚ್ಚುವ ವಸ್ತುವಿನಲ್ಲಿ ಏನಿದೆಯೆಂದು ಕೇಳುವುದು ಮೂಢತನವಾದರೆ ವಿವೇಕವೆಂಬುದು ಯಾವುದು?

ಈ ಪ್ರಶ್ನೆಗೆ ಮೈಸೂರು ದೇಶವು ಒಂದು ಉತ್ತರವನ್ನು ಕೊಟ್ಟಿತು. ಶ್ರೀಗಂಧವನ್ನು ಟೀಪು ಸುಲ್ತಾನನು 1792ರಲ್ಲಿ ರಾಜವೃಕ್ಷವೆಂದು ಸಾರಿದಂದಿನಿಂದ ಅದು ಸರ್ಕಾರದ ಸೊತ್ತಾಗಿತ್ತು. ಗಂಧದ ಕೊರಡು ಯೂರೋಪಿಗೆ ಹೋಗಿ, ಅಲ್ಲಿ, ಮುಖ್ಯವಾಗಿ ಜರ್ಮನಿಯಲ್ಲಿ, ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧವು ಆರಂಭವಾಗಲು ಈ ವ್ಯಾಪಾರವು ನಿಂತು, ಮರವು ಇಲ್ಲಿಯೇ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಸಡ್‌ಬರೊ, ವಾಟ್ಸನ್ ಎಂಬ ರಸಾಯನಜ್ಞರು ಎಣ್ಣೆ ತೆಗೆಯುವ ಪ್ರಯೋಗವನ್ನು ನಡೆಸಿದರು. 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಗಳು ಹುಟ್ಟಿದವು. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಸಾಬೂನಿನ ವಿದ್ಯೆಯನ್ನು ಕಲಿತು ಬಂದರು. ಆನೆಯ ಮೊಗವೂ ಸಿಂಹದ ಮೈಯೂ ಉಳ್ಳ ಶರಭದ ಮುದ್ರೆಯೊಡನೆ ಮೈಸೂರು ಸ್ಯಾಂಡಲ್ ಸಾಬೂನು ಹೊರಬಿದ್ದಿತು. ಆ ಸರ್ಕಾರೀ ಕಾರ್ಖಾನೆಯು 1980ರಲ್ಲಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಸಂಸ್ಥೆಯಾಯಿತು. ದೇವರ ಕೋಣೆಯಲ್ಲಿ ತೇಯುತ್ತಿದ್ದ ಗಂಧದ ಪರಿಮಳವೇ ಬಚ್ಚಲಿಗೆ ಬಂದುದರಿಂದ, ಪರದೇಶದ ಪದಾರ್ಥವು ನಮ್ಮ ಮನೆಗಳಲ್ಲಿ ಪರಿಚಿತನಂತೆ ಕಾಲಿಟ್ಟಿತು.

ಮೋರೆಗೆ ಹಚ್ಚುವ ಪದಾರ್ಥಗಳ ಚರಿತ್ರೆಯು ಇಷ್ಟು ಸುಖಕರವಲ್ಲ. ಯೂರೋಪಿನ ಶ್ರೀಮಂತಸ್ತ್ರೀಯರು ಕೆಲವು ಶತಮಾನಗಳ ಕಾಲ ಸೀಸದಿಂದ ಮಾಡಿದ ಬಿಳಿಯ ಲೇಪವನ್ನು ಬಳಿದುಕೊಂಡು, ಬಿಳುಪಿನ ಆಸೆಗೆ ವಿಷವನ್ನೇ ಧರಿಸುತ್ತಿದ್ದರು. ನಮ್ಮಲ್ಲಿ ಅರಿಸಿನವು ಕ್ಷಾರದಿಂದ ಕೆಂಪೇರಿ ಆಗುತ್ತಿದ್ದ ಕುಂಕುಮದ ಬದಲು ಸೀಸದ ಸಿಂಧೂರವೂ, ಮನೆಯ ದೀಪದ ಕಾಡಿಗೆಯ ಬದಲು ಸೀಸದ ಅದಿರಿನ ಸುರ್ಮವೂ ಎಷ್ಟೋ ಕಡೆ ಬಳಕೆಗೆ ಬಂದವು. 1919ರಲ್ಲಿ ಮುಂಬಯಿಯ ಪಾಟನ್‌ವಾಲಾ ಅವರ ಅಫ್ಘಾನ್ ಸ್ನೋ ಹೊರಬಂದ ಬಳಿಕ ‘ಸ್ನೋ’ ಎಂಬುದು ದೇಶದ ಮನೆಮಾತಾಯಿತು. ಹಿಮವನ್ನೇ ಕಾಣದ ನಾಡಿನಲ್ಲಿ ಮೋರೆಗೆ ಹಿಮದ ಹೆಸರು! 1975ರಲ್ಲಿ ಬಣ್ಣವನ್ನು ತಿಳಿಮಾಡುವುದೆಂಬ ಭರವಸೆಯನ್ನು ಹೆಸರಿನಲ್ಲಿಯೇ ಹೊತ್ತ ‘ಫೇರ್ ಅಂಡ್ ಲವ್ಲಿ’ಯು ಮಾರುಕಟ್ಟೆಗೆ ಬಂದು, ನಲವತ್ತೈದು ವರ್ಷಗಳ ಮೇಲೆ, 2020ರಲ್ಲಿ, ‘ಗ್ಲೋ ಅಂಡ್ ಲವ್ಲಿ’ ಎಂದು ಹೆಸರನ್ನು ಬದಲಾಯಿಸಿಕೊಂಡಿತು.

ಇಲ್ಲಿ ಒಂದು ಭೇದವನ್ನು ಹೇಳಲೇಬೇಕು. ಸೀಗೆಯು ಕೊಳೆಯನ್ನು ಕಳೆಯುತ್ತೇನೆಂದಿತು, ಚಂದನವು ತಂಪುಮಾಡುತ್ತೇನೆಂದಿತು. ಆ ಮಾತು ನಿಜವೋ ಸುಳ್ಳೋ ಎಂಬುದನ್ನು ಬಳಸಿದವರು ಅಂದೇ ಹೇಳಬಹುದಾಗಿತ್ತು. ಬಿಳುಪಿನ ಲೇಪವು ಹಾಗಲ್ಲ. ಅದು ಮೊದಲು ಕನ್ಯೆಯ ಮನಸ್ಸಿನಲ್ಲಿ ತನ್ನ ಹುಟ್ಟುಬಣ್ಣವೇ ಒಂದು ಕೊಳೆಯೆಂಬ ಭಾವನೆಯನ್ನು ಬಿತ್ತಬೇಕು. ಆಮೇಲೆಯೇ ಅದಕ್ಕೆ ಗಿರಾಕಿ. ವಧುಪರೀಕ್ಷೆಯ ದಿನ ಹೆಣ್ಣಿನ ವಿದ್ಯೆಗೂ ಗುಣಕ್ಕೂ ಮೊದಲು ಬಣ್ಣದ ಮಾತನ್ನೆತ್ತುವ ಮನೆಗಳು ಈ ವ್ಯಾಪಾರಕ್ಕೆ ಬಂಡವಾಳವಿಲ್ಲದ ಪಾಲುದಾರರೆಂದು ನಾನು ಹೇಳುತ್ತೇನೆ. ಈ ಆಸೆಯ ನೆರಳಿನಲ್ಲಿಯೇ, ಘಟಕಗಳ ಪಟ್ಟಿಯೂ ತಯಾರಕರ ವಿಳಾಸವೂ ಇಲ್ಲದ ಪಾದರಸದ ಮುಲಾಮುಗಳು ಅನೇಕ ದೇಶಗಳಲ್ಲಿ ಮಾರಾಟವಾಗಿವೆ. ಪಾದರಸವು ಚರ್ಮದ ಬಣ್ಣವನ್ನು ಕುಗ್ಗಿಸುವುದು ನಿಜ. ಮೂತ್ರಪಿಂಡಗಳನ್ನು ಕೆಡಿಸುವುದೂ ಅಷ್ಟೇ ನಿಜ. ನಮ್ಮ ದೇಶದಲ್ಲಿ 1940ರ ಔಷಧದ ಕಾನೂನು 1962ರ ತಿದ್ದುಪಡಿಯಿಂದ ಸೌಂದರ್ಯದ್ರವ್ಯಗಳಿಗೂ ವಿಸ್ತಾರವಾಯಿತು. 2013ರ ಮಿನಮಾಟ ಒಪ್ಪಂದವು ಪಾದರಸದ ಲೇಪಗಳನ್ನು ಕೈಬಿಡಲು 2020ನ್ನು ಗಡುವಾಗಿ ನಿಶ್ಚಯಿಸಿತು. ಕಾನೂನು ಅಂಗಡಿಯವರೆಗೆ ಬರಬಲ್ಲುದು, ಬಚ್ಚಲಿನೊಳಕ್ಕೆ ಬರಲಾರದು.

ಇನ್ನು ನನ್ನ ಸ್ವಂತ ಅಭಿಪ್ರಾಯಗಳು. ತಲೆಗೆ ಎಣ್ಣೆಯೊತ್ತಿದ ದಿನ ಸೀಗೆಗೆ ಸಮನಾದುದನ್ನು ನಾನು ಕಾಣೆನು. ಕಣ್ಣಿಗೆ ಬಿದ್ದರೆ ಉರಿಯುವುದೂ ಬಚ್ಚಲ ತೂಬಿಗೆ ಚರಟ ಕಟ್ಟುವುದೂ ಅದರ ದೋಷಗಳು. ಕಡಲೆಹಿಟ್ಟು ಎಣ್ಣೆಯ ಮೈಗೆ ಉತ್ತಮ; ಚಳಿಗಾಲದಲ್ಲಿ ಒಣಚರ್ಮಕ್ಕೆ ಅದು ಬಿಗಿ, ಹೆಸರುಹಿಟ್ಟು ವಾಸಿ. ಮನೆಯಲ್ಲಿ ತೇದ ಗಂಧವು ಬೇಸಗೆಯಲ್ಲಿ ಹಣೆಗೆ ಕೊಡುವ ತಂಪನ್ನು ಯಾವ ಡಬ್ಬಿಯ ಲೇಪದಲ್ಲಿಯೂ ನಾನು ಅನುಭವಿಸಿಲ್ಲ. ದಿನದ ಸ್ನಾನಕ್ಕೆ ಸಾಬೂನೇ ಅನುಕೂಲವೆಂಬುದನ್ನು ಒಪ್ಪಬೇಕು. ಆದರೆ ಅದನ್ನು ಕೂದಲಿಗೆ ಹಾಕುವುದು ನನಗೆ ಸಮ್ಮತವಲ್ಲ. ಏಕೆಂದರೆ ಸಾಬೂನು ಕ್ಷಾರ. ಕೈಮೇಲಿನ ಅರಿಸಿನದ ಕಲೆಗೆ ಸಾಬೂನನ್ನು ತಿಕ್ಕಿದರೆ ಆರತಿಯ ಓಕುಳಿಯಂತೆ ಅದು ಕೆಂಪಾಗುವುದು ಇದಕ್ಕೆ ಸಾಕ್ಷಿ. ಸೀಗೆಯಿಂದ ಅದು ಕೆಂಪಾಗುವುದಿಲ್ಲ. ತುಟಿಯ ಬಣ್ಣ, ಪೌಡರುಗಳ ವಿಷಯದಲ್ಲಿ ನನಗೆ ಮಡಿವಂತಿಕೆಯಿಲ್ಲ. ಸಂತೋಷಕ್ಕಾಗಿ ಅಲಂಕರಿಸಿಕೊಳ್ಳುವುದು ವರಾಹಮಿಹಿರನ ಕಾಲದಿಂದ ಬಂದ ಹಕ್ಕು. ನಾಚಿಕೆಗಾಗಿ ಬಳಿದುಕೊಳ್ಳುವುದನ್ನು ಮಾತ್ರ ನಾನು ಒಪ್ಪಲಾರೆ. ಮದರಂಗಿಯಲ್ಲಿಯೂ, ಕೆಂಪಾಗುವುದೇ ಅದರ ಸಹಜಧರ್ಮವಾದುದರಿಂದ, ಗಳಿಗೆಯಲ್ಲಿ ಕಡುಕಪ್ಪಾಗುವ ‘ಕಪ್ಪು ಮದರಂಗಿ’ಯನ್ನು ಮುಟ್ಟದಿರುವುದು ಲೇಸು, ಅದಕ್ಕೆ ಬೆರೆಸುವ ಕೂದಲ ಬಣ್ಣದ ರಾಸಾಯನಿಕದಿಂದ ಬೊಬ್ಬೆಗಳೇಳುವುದುಂಟು.

ಈ ಅಭಿಪ್ರಾಯಗಳನ್ನು ವಾಚಕರು ಶಾಸನವೆಂದು ತಿಳಿಯಬೇಕಾದುದಿಲ್ಲ. ಒಬ್ಬರ ಮೈಗೆ ಹಿತವಾದುದು ಇನ್ನೊಬ್ಬರ ಮೈಗೆ ತುರಿಯಾಗಬಹುದು. ಆದುದರಿಂದ ಹೊಸದಾವುದನ್ನಾದರೂ ಮೊದಲು ಮೊಣಕೈಯ ಒಳಮಡಿಕೆಯಲ್ಲಿ ಸ್ವಲ್ಪ ಹಚ್ಚಿ ಎರಡು ದಿನ ಕಾದು ನೋಡತಕ್ಕುದು. ಹೊದಿಕೆಯ ಮೇಲಿನ ಪಟ್ಟಿಯನ್ನು ಓದಿ, ಓದಲು ಬಾರದ ಹಿರಿಯರಿಗೆ ಓದಿ ಹೇಳತಕ್ಕುದು. ಸಾಬೂನಿನ ಹೊದಿಕೆಯ ಮೇಲೆ ಕೊಬ್ಬಿನಂಶದ ಪ್ರಮಾಣವೂ ಅಚ್ಚಾಗಿರುತ್ತದೆ. ಮೊದಲನೆಯ ದರ್ಜೆಯ ಸಾಬೂನಿಗೆ ಅದು ನೂರಕ್ಕೆ 76ಕ್ಕೆ ಕಡಮೆಯಿರಬಾರದೆಂದು ನಿಯಮವುಂಟು.

ಬಳಸಿದ ಮೇಲೆ ಕಂಡುದನ್ನು ಸಂಕೋಚವಿಲ್ಲದೆ ನೆರೆಯವರೊಡನೆ ಹೇಳಿಕೊಳ್ಳುವುದೂ ಅಷ್ಟೇ ಅವಶ್ಯಕ. ಹಿಂದೆ ಈ ಕೆಲಸವನ್ನು ಮನೆಯ ಅಜ್ಜಿಯರು ಮಾಡುತ್ತಿದ್ದರು; ಅವರ ಮಾತಿನ ಹಿಂದೆ ಅವರ ಕೈಯಿತ್ತು. ಈಗ ಆ ಸ್ಥಾನದಲ್ಲಿ ಜಾಹೀರಾತು ಕುಳಿತಿದೆ. ಅದರ ಹಿಂದೆ ಮಾರುವವನ ಲಾಭವಿದೆ. ಮನೆಯ ಹೆಣ್ಣುಮಕ್ಕಳು ಹಚ್ಚಿ ನೋಡಿ ಹೇಳುವ ಮಾತನ್ನು ಅಂಗಡಿಯವನ ಮಾತಿಗಿಂತ ಮೇಲೆಂದು ಮನೆಯ ಗಂಡಸರೂ ಮನ್ನಿಸುವುದಾದರೆ, ಲೋಕೋಪಕಾರದ ಕಾಲದಿಂದ ನಮ್ಮಲ್ಲಿ ನಡೆದುಬಂದ ಈ ಪರೀಕ್ಷಕಬುದ್ಧಿಯು ನಿಂತುಹೋಗುವ ಭಯವಿಲ್ಲ.