ದಿನಮಾನದ ನಕ್ಷೆ: ಫಲನಗಳ ರೂಪಾಂತರ, ಸಂಯೋಜನೆ ಮತ್ತು ಮಾದರಿ ರಚನೆಯ ಕಲಿಕೆ

ಎಕ್ಸ್² ಎಂಬ ಪರವಲಯವನ್ನು ಚೆನ್ನಾಗಿ ಬಲ್ಲ ವಿದ್ಯಾರ್ಥಿಗೆ (ಎಕ್ಸ್ − 3)² ತೋರಿಸಿ ನಕ್ಷೆ ಯಾವ ಕಡೆ ಸರಿಯುತ್ತದೆಂದು ಕೇಳಿದರೆ, ‘ಎಡಕ್ಕೆ’ ಎಂಬ ಉತ್ತರವೇ ಮೊದಲು ಬರುತ್ತದೆ. ಕಳೆಯುವ ಚಿಹ್ನೆ ಇರುವಾಗ ಬಲಕ್ಕೆ ಸರಿಯುವುದು ಅವನಿಗೆ ಒಪ್ಪಿಗೆಯಾಗುವುದಿಲ್ಲ. ಎಕ್ಸ್² − 3 ಎಂದು ಬರೆದರೆ ಅದೇ ವಿದ್ಯಾರ್ಥಿ ‘ಮೂರು ಕೆಳಕ್ಕೆ’ ಎಂದು ತಡವರಿಸದೆ ಹೇಳುತ್ತಾನೆ. ಕೆನಡಾದ ರೀನಾ ಝಾಜ್ಕಿಸ್, ಪೀಟರ್ ಲಿಲಿಯೆದಾಲ್ ಮತ್ತು ಕರೆನ್ ಗಡೋವ್ಸ್ಕಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಪರವಲಯವನ್ನು ಹಿಡಿದು ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಮಾತಾಡಿಸಿತು. ಅಡ್ಡ ಸರಿತ ಬಹುತೇಕರ ಸಹಜ ನಿರೀಕ್ಷೆಗೆ ವಿರುದ್ಧವಾಗಿದೆ ಎಂಬುದು ಅದರಲ್ಲಿ ಕಂಡುಬಂತು. ಉತ್ತರ ಗೊತ್ತಿದ್ದವರಲ್ಲಿಯೂ ಕಾರಣ ಹೇಳುವುದು ಬೇರೆಯೇ ಕೆಲಸವಾಗಿತ್ತು.

ಈ ತೊಡಕಿಗೆ ‘ಒಳಗಿದ್ದರೆ ಉಲ್ಟಾ, ಹೊರಗಿದ್ದರೆ ನೇರ’ ಎಂಬ ಸೂತ್ರವನ್ನು ಬಾಯಿಪಾಠ ಮಾಡಿಸುವುದು ರೂಢಿಯ ಪರಿಹಾರ. ಪರೀಕ್ಷೆಗೆ ಅಷ್ಟು ಸಾಕು, ತಿಳಿವಳಿಕೆಗೆ ಸಾಲದು. ರೂಪಾಂತರ, ಸಂಯೋಜನೆ, ಮಾದರಿ ಎಂದು ಮೂರು ಅಧ್ಯಾಯಗಳಾಗಿ ಕಲಿಸುವುದೆಲ್ಲ ಮೂಲದಲ್ಲಿ ಒಂದೇ ಎಂಬುದು ಈ ಲೇಖನದ ವಾದ. ಫಲನದೊಳಗೆ ಹೋಗುವ ಸಂಖ್ಯೆಯನ್ನು ಮುಟ್ಟಿದ್ದೇವೆಯೋ, ಹೊರಬಂದ ಸಂಖ್ಯೆಯನ್ನು ಮುಟ್ಟಿದ್ದೇವೆಯೋ ಎಂಬ ಒಂದು ಪ್ರಶ್ನೆಯಿಂದ ಮೂರೂ ಹುಟ್ಟುತ್ತವೆ. ಸೂತ್ರದ ಪ್ರತಿ ಸಂಖ್ಯೆಗೂ ಲೋಕದಲ್ಲಿ ಒಂದು ಅರ್ಥವಿರುವ ವಿಷಯವನ್ನು ಆರಿಸಿಕೊಂಡರೆ ಈ ಪ್ರಶ್ನೆ ತಾನಾಗಿಯೇ ಏಳುತ್ತದೆ. ಇಲ್ಲಿ ಆರಿಸಿಕೊಂಡಿರುವ ವಿಷಯ ದಿನಮಾನ, ಅಂದರೆ ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲಿನ ಉದ್ದ.

ಈ ವಿಷಯಗಳನ್ನು ಕಲಿಸುವ ಪ್ರಿಕ್ಯಾಲ್ಕುಲಸ್ ಎಂಬ ಹೆಸರಿನ ಪಠ್ಯ ಅಮೆರಿಕ, ಕೆನಡಾಗಳದು. ಅಮೆರಿಕದ ಕಾಲೇಜ್ ಬೋರ್ಡ್ 2023ರಲ್ಲಿ ಅದಕ್ಕೊಂದು ಎಪಿ (ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ) ಕೋರ್ಸನ್ನೇ ಆರಂಭಿಸಿತು. ಅದರಲ್ಲಿ ಫಲನಗಳನ್ನು ಮಾದರಿಗಳಾಗಿ ಬಳಸುವುದಕ್ಕೆ ದೊಡ್ಡ ಜಾಗವಿದೆ. ನಮ್ಮಲ್ಲಿ ಇದೇ ವಿಷಯ ಪಿಯುಸಿಯ ಎರಡು ವರ್ಷಗಳಲ್ಲಿ ಹರಡಿಕೊಂಡಿದೆ. ಫಲನಗಳ ಸಂಕಲನ, ಗುಣಾಕಾರ ಮೊದಲ ವರ್ಷದಲ್ಲಿ ಬರುತ್ತವೆ, ಸಂಯೋಜನೆ ಎರಡನೆಯ ವರ್ಷದಲ್ಲಿ. ನಕ್ಷೆಯ ರೂಪಾಂತರಕ್ಕೆ ಪ್ರತ್ಯೇಕ ಅಧ್ಯಾಯವೇ ಇಲ್ಲ. ಅದನ್ನು ಕಲಿಯಬೇಕಾದವರು ಕೋಚಿಂಗ್ ತರಗತಿಗೆ ಹೋಗುತ್ತಾರೆ, ಅಲ್ಲಿ ಸಿಗುವುದು ಮತ್ತೆ ಆ ಉಲ್ಟಾ–ನೇರ ಸೂತ್ರವೇ.

ಬೆಂಗಳೂರಿನ ಅಕ್ಷಾಂಶ ಸುಮಾರು 12.97 ಡಿಗ್ರಿ ಉತ್ತರ. ಜೂನ್ 21ರ ಸುಮಾರಿಗೆ ಅಲ್ಲಿನ ಹಗಲು 12 ಗಂಟೆ 53 ನಿಮಿಷ, ಡಿಸೆಂಬರ್ 21ರ ಸುಮಾರಿಗೆ 11 ಗಂಟೆ 21 ನಿಮಿಷ. ಇವೆರಡರ ನಡುವೆ ಸೈನ್ ಅಲೆಯೊಂದನ್ನು ಕೂರಿಸಿದರೆ ಮಾದರಿ ಹೀಗಾಗುತ್ತದೆ:

ದಿನಮಾನ = 12 ಗಂಟೆ 7 ನಿಮಿಷ + 46 ನಿಮಿಷ × ಸೈನ್[360° × (ದಿನಸಂಖ್ಯೆ − 80) ÷ 365]

ಹೊರಗಿನ 12 ಗಂಟೆ 7 ನಿಮಿಷ ಮೇಲ್ಮುಖ ಸರಿತ. ಹನ್ನೆರಡರ ಮೇಲಿನ ಏಳು ನಿಮಿಷಕ್ಕೆ ಕಾರಣ ವಾತಾವರಣದಲ್ಲಿ ಬೆಳಕು ಬಾಗುವುದು ಮತ್ತು ಸೂರ್ಯಬಿಂಬದ ಮೇಲಂಚು ಕಂಡ ಕ್ಷಣವನ್ನೇ ಉದಯವೆಂದು ಎಣಿಸುವುದು. 46 ಲಂಬ ಹಿಗ್ಗುವಿಕೆ. ಅದು ಊರಿಗೆ ಸೇರಿದ್ದು. 365 ಭೂಮಿಗೆ ಸೇರಿದ್ದು. ಒಳಗೆ ಕಳೆದ 80 ಎಂದರೆ ಮಾರ್ಚ್ 21, ವರ್ಷದ ಎಂಬತ್ತನೆಯ ದಿನ. ಸೈನ್ ಫಲನ ತನ್ನೊಳಗೆ ಸೊನ್ನೆ ಬಂದಾಗ ನಡುಮಟ್ಟವನ್ನು ದಾಟಿ ಮೇಲೇರುತ್ತದೆ. ಹಗಲು ರಾತ್ರಿ ಬಹುತೇಕ ಸಮವಾಗುವ ಆ ವಿಷುವದಿನದಂದು ಅದಕ್ಕೆ ಸೊನ್ನೆ ಸಿಗಬೇಕಾದರೆ ದಿನಸಂಖ್ಯೆಯಿಂದ 80 ಕಳೆಯಲೇಬೇಕು. ಆದ್ದರಿಂದ ನಕ್ಷೆ ಎಂಬತ್ತು ದಿನ ಬಲಕ್ಕೆ ಹೋಗುತ್ತದೆ. (ಎಕ್ಸ್ − 3)²ರ ಒಗಟು ಇಲ್ಲಿ ಒಗಟಾಗಿ ಉಳಿಯುವುದಿಲ್ಲ. ಕಳೆದದ್ದು ನಕ್ಷೆಯಿಂದಲ್ಲ, ಕ್ಯಾಲೆಂಡರಿನ ಲೆಕ್ಕದಿಂದ.

ಒಳಗಿನ ಹಿಗ್ಗುವಿಕೆ ಮತ್ತು ಸರಿತಗಳಲ್ಲಿ ಯಾವುದು ಮೊದಲು ಎಂಬ ಪ್ರಶ್ನೆಯೂ ಇಲ್ಲೇ ಏಳುತ್ತದೆ. ದಿನಗಳಲ್ಲಿ ಲೆಕ್ಕ ಹಾಕುವಾಗ ಆವರಣವನ್ನು ಮರೆತು 360° × ದಿನಸಂಖ್ಯೆ ÷ 365 − 80° ಎಂದು ಬರೆದರೂ ತಪ್ಪು ಕಣ್ಣಿಗೆ ಬೀಳುವುದಿಲ್ಲ. ದಿನಕ್ಕೆ ಹೆಚ್ಚುಕಡಿಮೆ ಒಂದು ಡಿಗ್ರಿ ಬರುವುದರಿಂದ 80 ದಿನ ಮತ್ತು 80 ಡಿಗ್ರಿಗಳ ನಡುವಿನ ವ್ಯತ್ಯಾಸ ಒಂದು ಡಿಗ್ರಿಯ ಆಸುಪಾಸು ಮಾತ್ರ. ಹಾಗಾಗಿ ತಿಂಗಳುಗಳಲ್ಲಿ ಲೆಕ್ಕ ಮಾಡಿಸುವುದು ಒಳ್ಳೆಯದು. ಸರಿಯಾದ ರೂಪ 30° × (ತಿಂಗಳು − 2.63). ಆವರಣ ಬಿಟ್ಟು 30° × ತಿಂಗಳು − 2.63° ಎಂದರೆ ವಿಷುವ ಜನವರಿಯ ಮೊದಲ ವಾರಕ್ಕೆ ಬಂದು ಕೂರುತ್ತದೆ. ಎಲ್ಲಿ ತಪ್ಪಿದೆ ಎಂದು ವಿದ್ಯಾರ್ಥಿಯೇ ಹುಡುಕುತ್ತಾನೆ. ನಕ್ಷೆ ಬಿಡಿಸುವ ಜಿಯೋಜೀಬ್ರಾ ತಂತ್ರಾಂಶದ ಸ್ಲೈಡರ್ ಎಳೆದಾಗ ನಕ್ಷೆ ಸರಿಯುವುದು ಕಾಣುತ್ತದೆ. ಎಳೆದ ಸಂಖ್ಯೆ ಯಾರದು ಎಂಬುದು ಕಾಣುವುದಿಲ್ಲ. ಮಾದರಿ ಈ ಕೊರತೆಯನ್ನು ತುಂಬುತ್ತದೆ.

ಈ ಸರಳ ಸೈನ್ ಬೆಂಗಳೂರಿಗೆ ನಾಲ್ಕು ನಿಮಿಷದೊಳಗಿನ ತಪ್ಪಿನಿಂದ ಹೊಂದುತ್ತದೆ. ತಪ್ಪು ಹೆಚ್ಚಾಗಿ ಕಾಣುವುದು ಅಕ್ಟೋಬರಿನಲ್ಲಿ. ಮಾರ್ಚ್ ವಿಷುವದಿಂದ ಸೆಪ್ಟೆಂಬರ್ ವಿಷುವಕ್ಕೆ 186 ದಿನ, ಅಲ್ಲಿಂದ ಮತ್ತೆ ಮಾರ್ಚಿಗೆ 179 ದಿನ ಎಂಬುದನ್ನು ಮಾದರಿ ಅರಿಯದು. ಉಳಿಕೆ ತಪ್ಪನ್ನು ಹೀಗೆ ಓದುವುದನ್ನು ಕಲಿಸದೆ ಮಾದರಿ ರಚನೆ ಕಲಿಸಿದೆವು ಎನ್ನುವುದು ಸರಿಯಲ್ಲ.

ಇನ್ನು ಊರು ಬದಲಾದರೆ ಏನಾಗುತ್ತದೆ ಎಂಬ ಪ್ರಶ್ನೆ. ಇದಕ್ಕೆ ನಮ್ಮ ಪಂಚಾಂಗ ಪರಂಪರೆಯಲ್ಲಿ ಒಂದು ಸೊಗಸಾದ ಉತ್ತರವಿದೆ. ವಿಷುವದಿನದ ಮಧ್ಯಾಹ್ನ ನೆಟ್ಟಗೆ ನಿಲ್ಲಿಸಿದ 12 ಅಂಗುಲದ ಶಂಕುವಿನ (ಕೋಲಿನ) ನೆರಳನ್ನು ಅಳೆದರೆ ಅದು ಆ ಊರಿನ ಪಲಭಾ. ಇಂದಿನ ಮಾತಿನಲ್ಲಿ ಅದು ಅಕ್ಷಾಂಶದ ಟ್ಯಾನ್‌ನ 12 ಪಟ್ಟು. ಜ್ಯಾ (ಸೈನ್) ಕೋಷ್ಟಕಗಳನ್ನು ಬಿಟ್ಟೇ ಇಡೀ ಗ್ರಹಗಣಿತವನ್ನು ಕಟ್ಟಿದ ಗಣೇಶ ದೈವಜ್ಞ, 1520ನ್ನು ಆರಂಭವರ್ಷವಾಗಿಟ್ಟು ರಚಿಸಿದ ‘ಗ್ರಹಲಾಘವ’ದಲ್ಲಿ ಚರವನ್ನು, ಅಂದರೆ ಅರ್ಧ ಹಗಲು ಆರು ಗಂಟೆಗಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬುದನ್ನು, ಹೇಳುವ ಕ್ರಮ ಇದು: ಪಲಭೆಯನ್ನು ಮೂರು ಕಡೆ ಇಟ್ಟು 10, 8 ಮತ್ತು 10ರ ಮೂರನೆಯ ಒಂದರಿಂದ ಗುಣಿಸಬೇಕು. ಸಿಕ್ಕವು ಮೊದಲ ಮೂರು ಸಾಯನ ರಾಶಿಗಳ (ವಿಷುವದಿಂದ ಎಣಿಸಿದ 30 ಡಿಗ್ರಿಯ ಭಾಗಗಳ) ಚರಖಂಡಗಳು, ಪಲಗಳಲ್ಲಿ. ಒಂದು ಪಲವೆಂದರೆ 24 ಸೆಕೆಂಡು. ಖಂಡಗಳನ್ನು ಕೂಡುತ್ತ ಹೋದರೆ ಒಂದು ಅಂಗುಲ ಪಲಭೆಗೆ ಚರ 10, 18, 21⅓ ಎಂದು ಬೆಳೆಯುತ್ತದೆ. ಗ್ರಂಥವನ್ನು ಎಸ್. ಬಾಲಚಂದ್ರ ರಾವ್ ಮತ್ತು ಎಸ್.ಕೆ. ಉಮಾ ಇಂಗ್ಲಿಷಿಗೆ ತಂದಿದ್ದಾರೆ. ಗಣಿತ ಅಧ್ಯಾಪಕರು ಓದಬೇಕಾದ ಕೃತಿ ಅದು.

ಈ ಕ್ರಮವನ್ನು ಫಲನದ ಕಣ್ಣಿಂದ ನೋಡೋಣ. 10, 18, 21⅓ ಎಂಬುದು ಒಂದು ಮೂಲಫಲನ, ರಾಶಿಯಿಂದ ರಾಶಿಗೆ ಸರಳರೇಖೆಯ ತುಂಡುಗಳಿಂದ ಕಟ್ಟಿದ್ದು. ಪ್ರತಿ ತುಂಡಿನ ಇಳಿಜಾರೇ ಆ ಚರಖಂಡ. ಊರು ಯಾವುದಾದರೂ ಮೂಲಫಲನ ಬದಲಾಗದು, ಪಲಭೆಯಿಂದ ಗುಣಿಸಿದರೆ ಆಯಿತು. ಇದು ಅಚ್ಚ ಲಂಬ ಹಿಗ್ಗುವಿಕೆ. ಬೆಂಗಳೂರಿನ ಪಲಭಾ 2.76 ಅಂಗುಲ, ಪರಮ ಚರ 59 ಪಲ, ಸುಮಾರು 23½ ನಿಮಿಷ. ಬೆಳಗ್ಗೆ ಅಷ್ಟು, ಸಂಜೆ ಅಷ್ಟು ಸೇರಿ ಹಗಲು 47 ನಿಮಿಷ ಹೆಚ್ಚುತ್ತದೆ. ಬೀದರಿನ ಪಲಭಾ 3.88, ಹೆಚ್ಚಳ 66 ನಿಮಿಷ. ಇಂದಿನ ಲೆಕ್ಕದಲ್ಲಿ ಇವು 46 ಮತ್ತು 64. ಅಲ್ಪ ವ್ಯತ್ಯಾಸ ಬರುವುದು ಹಳೆಯವರು ಪರಮಕ್ರಾಂತಿಯನ್ನು (ಸೂರ್ಯ ಖಗೋಳದ ವಿಷುವದ್ವೃತ್ತದಿಂದ ಸರಿಯುವ ಕೋನವಾದ ಕ್ರಾಂತಿಯ ಗರಿಷ್ಠ ಬೆಲೆಯನ್ನು) 24 ಡಿಗ್ರಿ ಎಂದು ಇಟ್ಟುಕೊಂಡದ್ದರಿಂದ. ಇಂದಿನ ಬೆಲೆ 23.44. ಎರಡೂ ಊರುಗಳ ಅನುಪಾತ ಮಾತ್ರ ಎರಡೂ ಲೆಕ್ಕಗಳಲ್ಲಿ ಒಂದೇ, 1.4. ಕರ್ನಾಟಕದ ಉದ್ದಗಲಕ್ಕೂ ಹಿಗ್ಗುವಿಕೆಯ ಮಾದರಿ ನಿಲ್ಲುತ್ತದೆ.

ಲಂಡನ್ನಿಗೆ ಹೋದರೆ ನಿಲ್ಲುವುದಿಲ್ಲ. ಅಲ್ಲಿನ ಪಲಭಾ 15.08, ಬೆಂಗಳೂರಿನ 5.46 ಪಟ್ಟು. ಆದರೆ ಹಗಲಿನ ನಿಜವಾದ ಹೆಚ್ಚಳ 4 ಗಂಟೆ 24 ನಿಮಿಷ, ಬೆಂಗಳೂರಿನ 5.77 ಪಟ್ಟು. ನಕ್ಷೆಯ ಆಕಾರವೂ ಬದಲಾಗುತ್ತದೆ: ವಿಷುವದಿಂದ 30 ಡಿಗ್ರಿ ನಡೆದ ಸೂರ್ಯನಿಗೆ ಬೆಂಗಳೂರಿನಲ್ಲಿ ಪರಮ ಹೆಚ್ಚಳದ ಶೇ. 47 ಸಿಕ್ಕರೆ ಲಂಡನ್ನಿನಲ್ಲಿ ಶೇ. 45 ಮಾತ್ರ. ಆಕಾರ ಬದಲಾಯಿತೆಂದರೆ ಅದು ಹಿಗ್ಗುವಿಕೆಯಲ್ಲ. ಹಾಗಾದರೆ ಪಲಭಾ ಮಾಡುತ್ತಿದ್ದುದೇನು?

ನಿಜವಾದ ಸಂಬಂಧ ಇದು: ಚರದ ಸೈನ್ ಎಂದರೆ ಅಕ್ಷಾಂಶದ ಟ್ಯಾನ್ ಮತ್ತು ಕ್ರಾಂತಿಯ ಟ್ಯಾನ್‌ಗಳ ಗುಣಲಬ್ಧ. ದಿನದಿಂದ ಸೂರ್ಯನ ಸಾಯನ ರೇಖಾಂಶ, ಅದರಿಂದ ಕ್ರಾಂತಿ, ಕ್ರಾಂತಿಯ ಟ್ಯಾನ್, ಅದಕ್ಕೆ ಅಕ್ಷಾಂಶದ ಟ್ಯಾನ್‌ನಿಂದ ಗುಣಾಕಾರ, ಕೊನೆಗೆ ವಿಲೋಮ ಸೈನ್. ಒಂದರ ಫಲ ಇನ್ನೊಂದರ ಒಳಗೆ ಹೋಗುವ ಸಂಯೋಜನೆ ಇದು. ಪಲಭೆಯ ಗುಣಾಕಾರ ಈ ಸರಪಳಿಯ ಹೊರತುದಿಯಲ್ಲಿಲ್ಲ, ಕೊನೆಯ ಫಲನಕ್ಕೆ ಒಂದು ಹೆಜ್ಜೆ ಒಳಗೆ ಇದೆ. ಬೆಂಗಳೂರು, ಬೀದರುಗಳಲ್ಲಿ ಗುಣಲಬ್ಧ ಚಿಕ್ಕದು, 0.10 ಅಥವಾ 0.14. ಅಷ್ಟು ಚಿಕ್ಕ ಸಂಖ್ಯೆಗೆ ವಿಲೋಮ ಸೈನ್, ರೇಡಿಯನ್‌ಗಳಲ್ಲಿ, ಬಂದದ್ದನ್ನು ಹೆಚ್ಚುಕಡಿಮೆ ಹಾಗೆಯೇ ಹಿಂದಿರುಗಿಸುತ್ತದೆ. ಆದ್ದರಿಂದ ಒಳಗಿನ ಗುಣಾಕಾರ ಹೊರಗಿನದರಂತೆ ಕಾಣುತ್ತದೆ. ಲಂಡನ್ನಿನಲ್ಲಿ ಗುಣಲಬ್ಧ 0.55ರ ಹತ್ತಿರ ಹೋಗುತ್ತದೆ, ವಿಲೋಮ ಸೈನ್ ಬಾಗಿದ್ದು ಗೊತ್ತಾಗುತ್ತದೆ. ಒಳಗೋ ಹೊರಗೋ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಂಡಿಲ್ಲ.

ಇನ್ನೂ ಉತ್ತರಕ್ಕೆ, ನಾರ್ವೆಯ ಟ್ರೊಮ್ಸೊ ನಗರಕ್ಕೆ ಹೋಗೋಣ. ಅಕ್ಷಾಂಶ 69.65 ಡಿಗ್ರಿ. ಜೂನ್ 21ರಂದು ಗುಣಲಬ್ಧ 1.17. ಒಂದನ್ನು ಮೀರಿದ ಸಂಖ್ಯೆ ವಿಲೋಮ ಸೈನ್‌ನ ಪ್ರಾಂತದಲ್ಲಿಲ್ಲ, ಹಾಗಾಗಿ ಸೂತ್ರ ಉತ್ತರ ಕೊಡುವುದಿಲ್ಲ. ಆ ದಿನ ಅಲ್ಲಿ ಸೂರ್ಯ ಮುಳುಗುವುದೂ ಇಲ್ಲ. ‘ಸಂಯೋಜಿತ ಫಲನದ ಪ್ರಾಂತ ಕಂಡುಹಿಡಿಯಿರಿ’ ಎಂಬ ಲೆಕ್ಕವನ್ನು ಎರಡು ಅಂಕಕ್ಕೆ ಯಾಂತ್ರಿಕವಾಗಿ ಮಾಡುವ ವಿದ್ಯಾರ್ಥಿಗೆ ಪ್ರಾಂತದ ಅಂಚೇ ಧ್ರುವವೃತ್ತ ಎಂದು ತಿಳಿಯುವುದು ಸಣ್ಣ ಸಂಗತಿಯಲ್ಲ. ಪಲಭೆಯ ಗುಣಾಕಾರಕ್ಕೆ ಅಂತಹ ಅಂಚಿಲ್ಲ. ಟ್ರೊಮ್ಸೊವಿಗೂ ಅದು 21 ಗಂಟೆ 12 ನಿಮಿಷದ ಹಗಲನ್ನು ಧೈರ್ಯವಾಗಿ ಹೇಳಿಬಿಡುತ್ತದೆ, ಕೇಳಿದವರು ನಂಬುವಂತೆಯೂ ಇರುತ್ತದೆ. ಇದು ಗಣೇಶ ದೈವಜ್ಞರ ದೋಷವಲ್ಲ. ಅವರು ಬರೆದದ್ದು ಭಾರತದ ಅಕ್ಷಾಂಶಗಳಿಗೆ. ಮಾದರಿಯನ್ನು ಅದರ ಊರಿನಾಚೆ ಒಯ್ದವರದೇ ಹೊಣೆ.

ಫಲನಗಳ ಸಂಕಲನಕ್ಕೆ ಸೂರ್ಯೋದಯದ ವೇಳೆ ಉತ್ತಮ ಉದಾಹರಣೆ. ಅತಿ ಚಿಕ್ಕ ಹಗಲು ಡಿಸೆಂಬರ್ 21ರ ಸುಮಾರಿಗೆ. ಆದರೆ ಬೆಂಗಳೂರಿನಲ್ಲಿ ಸೂರ್ಯ ಅತಿ ಬೇಗ ಮುಳುಗುವುದು ನವೆಂಬರಿನ ಉತ್ತರಾರ್ಧದಲ್ಲಿ, ಅತಿ ತಡವಾಗಿ ಹುಟ್ಟುವುದು ಜನವರಿಯ ಉತ್ತರಾರ್ಧದಲ್ಲಿ. ಉದಯಕಾಲವೆಂದರೆ ಸೂರ್ಯನ ಮಧ್ಯಾಹ್ನದಿಂದ ದಿನಾರ್ಧವನ್ನು ಕಳೆದದ್ದು. ಆ ಮಧ್ಯಾಹ್ನ ಗಡಿಯಾರದಲ್ಲಿ ಒಂದೇ ಕಡೆ ನಿಲ್ಲುವುದಿಲ್ಲ. ಡಿಸೆಂಬರಿನ ಕೊನೆಗೆ ಅದು ದಿನಕ್ಕೆ ಅರ್ಧ ನಿಮಿಷದಂತೆ ತಡವಾಗುತ್ತ ಹೋಗುತ್ತದೆ. ಅದೇ ದಿನಗಳಲ್ಲಿ ದಿನಾರ್ಧ ತನ್ನ ತಳದಲ್ಲಿದ್ದು ಬಹುತೇಕ ಬದಲಾಗದು. ಎರಡರ ಬದಲಾವಣೆಯ ದರ ಸಮವಾಗಲು ಬೆಂಗಳೂರಿನಲ್ಲಿ ಸುಮಾರು ಒಂದು ತಿಂಗಳು ಹಿಡಿಯುತ್ತದೆ, ದಿನಾರ್ಧದ ಏರಿಳಿತ ದೊಡ್ಡದಾಗಿರುವ ಲಂಡನ್ನಿನಲ್ಲಿ ಹತ್ತು ದಿನ ಸಾಕು. ಎರಡು ಫಲನಗಳನ್ನು ಕೂಡಿದಾಗ ಶಿಖರ ಹೊಸ ಜಾಗಕ್ಕೆ ಹೋಗುತ್ತದೆ. ಎಲ್ಲಿಗೆಂದು ಹೇಳುವುದು ಶಿಖರಗಳ ಎತ್ತರವಲ್ಲ, ಇಳಿಜಾರುಗಳು. ಕಲನಶಾಸ್ತ್ರದ ಹೊಸ್ತಿಲು ಇದೇ.

ಅನ್ನಾ ಸ್ಫಾರ್ಡ್ 1991ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ, ಗಣಿತದ ಪರಿಕಲ್ಪನೆ ಮೊದಲು ಮಾಡುವ ಕ್ರಿಯೆಯಾಗಿ ಬಂದು ಆಮೇಲೆ ಹಿಡಿದು ನೋಡಬಹುದಾದ ವಸ್ತುವಾಗುತ್ತದೆ ಎಂದು ವಾದಿಸಿದರು. ರೂಪಾಂತರದ ಪಾಠದಲ್ಲಿ ನಾವು ಈ ಕ್ರಮವನ್ನು ತಲೆಕೆಳಗು ಮಾಡುತ್ತಿದ್ದೇವೆ. ಫಲನವೆಂದರೆ ಒಂದು ಸಂಖ್ಯೆಯನ್ನು ಇನ್ನೊಂದಕ್ಕೆ ಒಯ್ಯುವುದು ಎಂಬುದು ಮೈಗೂಡುವ ಮೊದಲೇ ನಕ್ಷೆಯನ್ನು ಸರಿಸಿ ಎನ್ನುತ್ತೇವೆ. ಸರಿಸಲು ಬಂದವನಿಗೆ ನಕ್ಷೆ ಬರಿಯ ಚಿತ್ರ.

ಆದ್ದರಿಂದ ಪಠ್ಯಕ್ರಮ ರೂಪಿಸುವವರಲ್ಲಿ ನನ್ನ ಕೋರಿಕೆ ಎರಡು. ಸಂಯೋಜನೆಯನ್ನು ಪಿಯುಸಿಯ ಮೊದಲ ವರ್ಷಕ್ಕೆ, ತ್ರಿಕೋನಮಿತಿಯ ಪಕ್ಕಕ್ಕೆ ತರಬೇಕು. ಸರಿತ ಮತ್ತು ಹಿಗ್ಗುವಿಕೆಗಳನ್ನು ಅದರ ಉದಾಹರಣೆಗಳಾಗಿ ಅಲ್ಲಿಯೇ ಕಲಿಸಬೇಕು. ಅಧ್ಯಾಪಕರು ಇದಕ್ಕಾಗಿ ಹೊಸ ಪಠ್ಯಪುಸ್ತಕದ ದಾರಿ ಕಾಯಬೇಕಿಲ್ಲ. ಸೂರ್ಯೋದಯ, ಸೂರ್ಯಾಸ್ತದ ವೇಳೆ ಪ್ರತಿ ಪಂಚಾಂಗದಲ್ಲೂ ಅಚ್ಚಾಗಿರುತ್ತದೆ. ವಾರಕ್ಕೊಂದರಂತೆ 52 ಬಿಂದುಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಲು ಎರಡು ಪೀರಿಯಡ್ ಸಾಕು.