ವಿಲ್ಮಿಂಗ್ಟನ್, 1898: ಸುಳ್ಳು ಉರುಳಿಸಿದ ಸರ್ಕಾರ

ಅಮೆರಿಕದ ನಾರ್ತ್ ಕೆರೊಲೈನಾ ರಾಜ್ಯದ ವಿಲ್ಮಿಂಗ್ಟನ್ ನಗರದಲ್ಲಿ 1898ರ ನವೆಂಬರ್ 10ರಂದು ಶಸ್ತ್ರಧಾರಿಗಳ ಗುಂಪೊಂದು ಚುನಾಯಿತ ನಗರಾಡಳಿತವನ್ನು ಕೆಳಗಿಳಿಸಿ ತಾನೇ ಅಧಿಕಾರ ಹಿಡಿಯಿತು. ಈ ಕ್ಷಿಪ್ರಕ್ರಾಂತಿಗೆ ಜನರ ಮನಸ್ಸನ್ನು ಹದಗೊಳಿಸಿದ್ದು ತಿಂಗಳುಗಟ್ಟಲೆ ನಡೆದ ಅಪಪ್ರಚಾರ.

ಕೇಪ್ ಫಿಯರ್ ನದಿಯ ದಂಡೆಯ ಈ ಬಂದರು ಆಗ ರಾಜ್ಯದ ಅತಿದೊಡ್ಡ ನಗರ. ಸುಮಾರು 20,000 ನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕಪ್ಪುವರ್ಣೀಯರು. ಬಂದರಿನ ಕೂಲಿಗಳು, ಬಡಗಿಗಳು, ಗಾರೆ ಕೆಲಸದವರು, ವ್ಯಾಪಾರಿಗಳು, ವಕೀಲರು ಅವರಲ್ಲಿದ್ದರು. ಹತ್ತಿಯ ಬೆಲೆ ಕುಸಿದು ಸಾಲದಲ್ಲಿ ಸಿಲುಕಿದ ಬಿಳಿಯ ರೈತರ ಪಾಪ್ಯುಲಿಸ್ಟ್ ಪಕ್ಷವು ಕಪ್ಪುವರ್ಣೀಯರ ಬೆಂಬಲವಿದ್ದ ರಿಪಬ್ಲಿಕನ್ ಪಕ್ಷದ ಜತೆ ಕೈಜೋಡಿಸಿ 1894ರಲ್ಲಿ ಶಾಸನಸಭೆಯನ್ನು ಗೆದ್ದಿತು. 1896ರಲ್ಲಿ ರಿಪಬ್ಲಿಕನ್ನರ ಡೇನಿಯಲ್ ರಸೆಲ್ ಗವರ್ನರ್ ಆಗಿ ಆಯ್ಕೆಯಾದರು.

ಸೋತ ಡೆಮಾಕ್ರಟಿಕ್ ಪಕ್ಷ ಅಧಿಕಾರಕ್ಕೆ ಮರಳಲು ಬಣ್ಣದ ಭೇದವನ್ನೇ ಆಯುಧ ಮಾಡಿಕೊಂಡಿತು. 1898ರ ಪ್ರಚಾರದ ಸೂತ್ರ ಪಕ್ಷದ ರಾಜ್ಯಾಧ್ಯಕ್ಷ ಫರ್ನಿಫೋಲ್ಡ್ ಸಿಮನ್ಸ್ ಕೈಯಲ್ಲಿತ್ತು. ರಾಲಿಯ ‘ನ್ಯೂಸ್ ಆ್ಯಂಡ್ ಅಬ್ಸರ್ವರ್’ ಪತ್ರಿಕೆಯ ಸಂಪಾದಕ ಜೋಸೆಫಸ್ ಡೇನಿಯಲ್ಸ್ ಅದಕ್ಕೆ ದನಿಯಾದರು. ಸೆಪ್ಟೆಂಬರ್‌ನಲ್ಲಿ ಆ ಪತ್ರಿಕೆಯಲ್ಲಿ ಬಂದ ಒಂದು ವ್ಯಂಗ್ಯಚಿತ್ರದಲ್ಲಿ ಕಪ್ಪು ಮನುಷ್ಯನ ಮುಖದ ದೈತ್ಯ ಬಾವಲಿಯೊಂದು ಬಿಳಿಯರ ಮೇಲೆ ಉಗುರು ಚಾಚಿತ್ತು. ಅದರ ರೆಕ್ಕೆಗಳ ಮೇಲೆ ‘ನೀಗ್ರೋ ಆಳ್ವಿಕೆ’ ಎಂದು ಬರೆದಿತ್ತು. ಓದಲು ಬಾರದವರಿಗೂ ಇಂಥ ಚಿತ್ರಗಳು ಭಯ ತಲುಪಿಸಿದವು. ವಾಸ್ತವದಲ್ಲಿ ವಿಲ್ಮಿಂಗ್ಟನ್‌ನ ಮೇಯರ್ ಸೈಲಸ್ ರೈಟ್ ಬಿಳಿಯರಾಗಿದ್ದರು. ನಗರಸಭೆಯ ಹತ್ತು ಸದಸ್ಯರಲ್ಲಿ ಕಪ್ಪುವರ್ಣೀಯರು ಮೂವರಷ್ಟೇ.

ನಗರದ ‘ಡೈಲಿ ರೆಕಾರ್ಡ್’ ಕಪ್ಪುವರ್ಣೀಯರ ಪತ್ರಿಕೆ; ಅದರ ಸಂಪಾದಕ ಅಲೆಕ್ಸಾಂಡರ್ ಮ್ಯಾನ್ಲಿ. ಕಪ್ಪು ಗಂಡಸರು ಬಿಳಿಯ ಹೆಂಗಸರ ಮೇಲೆ ಅತ್ಯಾಚಾರ ಎಸಗುತ್ತಾರೆ, ಅಂಥವರನ್ನು ಜನರೇ ಗುಂಪುಗೂಡಿ ಕೊಲ್ಲಬೇಕು ಎಂದು ಜಾರ್ಜಿಯಾದ ಬಿಳಿಯ ಮಹಿಳೆ ರೆಬೆಕಾ ಫೆಲ್ಟನ್ ಮಾಡಿದ್ದ ಭಾಷಣಕ್ಕೆ ಮ್ಯಾನ್ಲಿ ಆಗಸ್ಟ್‌ನಲ್ಲಿ ಉತ್ತರ ಬರೆದರು. ಅಂಥ ಎಷ್ಟೋ ಸಂಬಂಧಗಳು ಪರಸ್ಪರ ಒಪ್ಪಿಗೆಯವು ಎಂಬುದು ಅವರ ವಾದ. ಡೆಮಾಕ್ರಟಿಕ್ ಪತ್ರಿಕೆಗಳು ಈ ಲೇಖನವನ್ನು ಮತ್ತೆ ಮತ್ತೆ ಅಚ್ಚು ಹಾಕಿ ಚುನಾವಣೆಯವರೆಗೂ ಕಿಚ್ಚು ಆರದಂತೆ ನೋಡಿಕೊಂಡವು. ಕೆಂಪಂಗಿ ತೊಟ್ಟು ಬಂದೂಕು ಹಿಡಿದ ಕುದುರೆ ಸವಾರರು ಮತದಾರರನ್ನು ಬೆದರಿಸುತ್ತ ಸುತ್ತಾಡಿದರು.

ನವೆಂಬರ್ 8ರ ಚುನಾವಣೆಯಲ್ಲಿ ಬೆದರಿಕೆ, ಮೋಸಗಳ ಬಲದಿಂದ ಡೆಮಾಕ್ರಟರು ಗೆದ್ದರು. ಆದರೆ ನಗರಸಭೆಯ ಅವಧಿ ಇನ್ನೂ ಮುಗಿದಿರಲಿಲ್ಲ. ಮರುದಿನ ಮಾಜಿ ಕಾಂಗ್ರೆಸ್ ಸದಸ್ಯ ಆಲ್ಫ್ರೆಡ್ ಮೂರ್ ವಾಡೆಲ್ ನ್ಯಾಯಾಲಯದ ಕಟ್ಟಡದಲ್ಲಿ ‘ಬಿಳಿಯರ ಸ್ವಾತಂತ್ರ್ಯ ಘೋಷಣೆ’ಯನ್ನು ಓದಿದರು. ಮ್ಯಾನ್ಲಿ ಊರು ಬಿಡಬೇಕು, ಇದಕ್ಕೆ ಬೆಳಗಾಗುವುದರೊಳಗೆ ಉತ್ತರ ಬರಬೇಕು ಎಂದು ಕಪ್ಪು ಮುಖಂಡರಿಗೆ ತಾಕೀತು ಮಾಡಲಾಯಿತು. ಅವರು ಬರೆದ ಸೌಮ್ಯವಾದ ಉತ್ತರ ವಾಡೆಲ್ ಕೈಗೆ ನೇರವಾಗಿ ಹೋಗದೆ ಅಂಚೆಯ ಪಾಲಾಗಿ ತಡವಾಯಿತು. ಅಷ್ಟರಲ್ಲಿ ಮ್ಯಾನ್ಲಿ ಊರು ಬಿಟ್ಟಾಗಿತ್ತು. ಆದರೂ 10ರ ಬೆಳಿಗ್ಗೆ ವಾಡೆಲ್ ಮುಂದಾಳುತನದ ಗುಂಪು ಪತ್ರಿಕಾ ಕಚೇರಿಗೆ ನುಗ್ಗಿ ಮುದ್ರಣಯಂತ್ರವನ್ನು ಒಡೆಯಿತು. ಕಟ್ಟಡ ಹೊತ್ತಿ ಉರಿಯಿತು. ಬಳಿಕ ಬೀದಿಗಳಲ್ಲಿ ಗುಂಡು ಹಾರಿತು. ಸತ್ತವರ ಲೆಕ್ಕವನ್ನು ಯಾರೂ ಸರಿಯಾಗಿ ಇಡಲಿಲ್ಲ. ಅಂದಾಜುಗಳು 14ರಿಂದ ಆರಂಭವಾಗಿ ನೂರನ್ನೂ ದಾಟುತ್ತವೆ. ಅದೇ ದಿನ ಮೇಯರ್ ಮತ್ತು ಸದಸ್ಯರಿಂದ ಬಲವಂತವಾಗಿ ರಾಜೀನಾಮೆ ಪಡೆದು ವಾಡೆಲ್ ಮೇಯರ್ ಆದರು. ಅಧ್ಯಕ್ಷ ವಿಲಿಯಂ ಮೆಕಿನ್ಲಿ ಸೈನ್ಯ ಕಳುಹಿಸಲಿಲ್ಲ.

ಬಂದೂಕಿನಿಂದ ದಕ್ಕಿದ್ದನ್ನು ಕಾನೂನು ಭದ್ರಪಡಿಸಿತು. ಮತದಾನಕ್ಕೆ ಅಕ್ಷರಜ್ಞಾನದ ಪರೀಕ್ಷೆ ವಿಧಿಸಿ, 1867ಕ್ಕೆ ಮೊದಲು ಮತದ ಹಕ್ಕಿದ್ದವರ ವಂಶಜರಿಗೆ ವಿನಾಯಿತಿ ನೀಡಿದ ರಾಜ್ಯ ಸಂವಿಧಾನದ ತಿದ್ದುಪಡಿ 1900ರಲ್ಲಿ ಅಂಗೀಕಾರವಾಯಿತು. ಗುಲಾಮಗಿರಿಯಿಂದ ಬಂದ ಕುಟುಂಬಗಳಿಗೆ ಆ ವಿನಾಯಿತಿ ನಿಲುಕದಂತೆಯೇ ಅದನ್ನು ರೂಪಿಸಲಾಗಿತ್ತು. ಸಿಮನ್ಸ್ 1901ರಿಂದ 30 ವರ್ಷ ಸೆನೆಟರ್ ಆಗಿದ್ದರು. ಡೇನಿಯಲ್ಸ್ ಮುಂದೆ ನೌಕಾದಳದ ಕಾರ್ಯದರ್ಶಿಯಾದರು.

ಘಟನೆಯ ಬಗೆಗಿನ ಸುಳ್ಳು ಇನ್ನೂ ದೀರ್ಘಕಾಲ ಬಾಳಿತು. ಕಪ್ಪುವರ್ಣೀಯರು ಎಬ್ಬಿಸಿದ ಗಲಭೆಯನ್ನು ಬಿಳಿಯರು ಅಡಗಿಸಿದರು ಎಂಬ ಕಥೆಯೇ ದಶಕಗಳವರೆಗೆ ಇತಿಹಾಸವೆನಿಸಿತು. ಚಾರ್ಲ್ಸ್ ಚೆಸ್ನಟ್ 1901ರಲ್ಲೇ ಕಾದಂಬರಿ ಬರೆದು ಇದನ್ನು ಪ್ರಶ್ನಿಸಿದರೂ ಅಧಿಕೃತ ಮನ್ನಣೆ ಒಂದು ಶತಮಾನ ತಡವಾಯಿತು. ರಾಜ್ಯ ಶಾಸನಸಭೆ 2000ದಲ್ಲಿ ನೇಮಿಸಿದ ಆಯೋಗ, ಇದು ಮೊದಲೇ ಯೋಜಿಸಿದ ಸಂಚು ಎಂದು 2006ರಲ್ಲಿ ವರದಿ ಕೊಟ್ಟಿತು. ಅದೇ ವರ್ಷ ‘ನ್ಯೂಸ್ ಆ್ಯಂಡ್ ಅಬ್ಸರ್ವರ್’ ಅಪಪ್ರಚಾರದಲ್ಲಿ ತನ್ನ ಪಾತ್ರಕ್ಕಾಗಿ ಕ್ಷಮೆ ಕೇಳಿತು.