ಬುಕ್ಕಾಂಬುಧಿ: ಅರಸನ ಹೆಸರು, ಕೆರೆಯ ಏರಿ

ಅಜ್ಜಂಪುರದ ಬಳಿಯ ಬುಕ್ಕಾಂಬುಧಿಯನ್ನು ವಿಜಯನಗರದ ಬುಕ್ಕರಾಯನೇ ಕಟ್ಟಿಸಿದನೆಂಬ ಮಾತು ಒಬ್ಬರ ಬರಹದಿಂದ ಇನ್ನೊಬ್ಬರ ಬರಹಕ್ಕೆ ಪರೀಕ್ಷೆಯಿಲ್ಲದೆ ದಾಟುತ್ತ ಬಂದಿದೆ. ಆಧಾರ ಕೇಳಿದರೆ ಊರಿನ ಹೆಸರನ್ನೇ ಮುಂದಿಡುತ್ತಾರೆ. ಹೆಸರು ಸಾಕ್ಷಿಯೇ ಹೌದು. ಯಾವುದಕ್ಕೆ ಸಾಕ್ಷಿ ಎಂಬುದು ನನ್ನ ತಕರಾರು. ಬೆಂಗಳೂರಿನ ಕೆಂಪಾಂಬುಧಿ, ಧರ್ಮಾಂಬುಧಿಗಳ ಹಾಗೆ ಇದು ಮೊದಲಿಗೆ ಕೆರೆಯ ಹೆಸರು. ಕೆರೆಗೆ ಹೆಸರಿಟ್ಟ ದಿನವೇ ಊರು ಹುಟ್ಟಿತೆನ್ನಲು ಈ ಹೆಸರಿನಲ್ಲಿ ಏನೂ ಇಲ್ಲ.

ಕಟ್ಟಿಸಿದವನ ವಿಷಯದಲ್ಲಾದರೂ ಹೆಸರನ್ನು ನಂಬಬಹುದೆ? ಕಡಪ ಸೀಮೆಯ ಪೋರುಮಾಮಿಳ್ಳದ 1369ರ ಶಾಸನವನ್ನು ನಮ್ಮವರು ಈ ಪ್ರಶ್ನೆಗೆ ಒಡ್ಡಿದ್ದು ಕಡಿಮೆ. ಅಲ್ಲಿ ಕೆರೆ ಕಟ್ಟಿಸಿದವನು ಬುಕ್ಕನ ಮಗ ಭಾಸ್ಕರ, ಅಂದರೆ ಭವದೂರ. ದಿನಕ್ಕೆ 1000 ಆಳು, ಕಲ್ಲು ಹೇರಲು 100 ಬಂಡಿ, 2 ವರ್ಷದ ಕೆಲಸ. ಒಳ್ಳೆಯ ಕೆರೆಗೆ ಇರಬೇಕಾದ 12 ಅಂಗಗಳನ್ನೂ ಇರಬಾರದ 6 ದೋಷಗಳನ್ನೂ ಶಾಸನ ಎಣಿಸಿ ಹೇಳುತ್ತದೆ. ಇಷ್ಟೆಲ್ಲ ಆಗಿ ಕೆರೆಗೆ ಬಿದ್ದ ಹೆಸರು ಅನಂತರಾಜಸಾಗರ! ಆಳುತ್ತಿದ್ದ ತಂದೆಯ ಹೆಸರೂ ಇಲ್ಲ, ಕಟ್ಟಿಸಿದ ಮಗನ ಹೆಸರೂ ಇಲ್ಲ. ಆ ಕಲ್ಲು ಕಳೆದುಹೋಗಿದ್ದರೆ ಕೀರ್ತಿಯನ್ನೆಲ್ಲ ಅನಂತರಾಜನಿಗೇ ಬರೆದುಕೊಡಲು ನಮ್ಮ ವಿದ್ವಾಂಸರು ಹಿಂದೆಮುಂದೆ ನೋಡುತ್ತಿರಲಿಲ್ಲ. ಅನಂತಪುರದ ಬಳಿಯ ಬುಕ್ಕರಾಯಸಮುದ್ರದಲ್ಲಿ ಅರಸನ ಹೆಸರು ಇಡಿಯಾಗಿ ಇದ್ದರೂ ಕೆರೆ ಕಟ್ಟಿಸಿದವನು ಅವನ ದಿವಾನ ಚಿಕ್ಕಪ್ಪ ಒಡೆಯನೆಂದೇ ಐತಿಹ್ಯ.

ನಮ್ಮ ಕೆರೆಯ ಹೆಸರಿನಲ್ಲಿ 'ರಾಯ' ಇಲ್ಲ, ಆದ್ದರಿಂದ ಈ ಬುಕ್ಕ ಬೇರೆಯವನು ಎಂಬ ವಾದವೂ ಉಂಟು. ಅದನ್ನು ನಾನು ಎತ್ತಿಹಿಡಿಯಲಾರೆ. ಹಂಪಿಯ ಪಕ್ಕದ ಬುಕ್ಕಸಾಗರದಲ್ಲೂ 'ರಾಯ' ಇಲ್ಲ. ಆದರೆ ಅರಸರಲ್ಲೇ ಇಬ್ಬರು ಬುಕ್ಕರಿದ್ದಾರೆ: 1377ರಲ್ಲಿ ತೀರಿಕೊಂಡವನು ಒಬ್ಬ, 15ನೇ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಪಕಾಲ ಆಳಿದ ಅವನ ಮೊಮ್ಮಗ ಇನ್ನೊಬ್ಬ. ಮೊದಲನೆಯವನನ್ನೇ ಆರಿಸಿಕೊಳ್ಳುವುದರಲ್ಲಿ ಪ್ರಮಾಣಕ್ಕಿಂತ ಅಭಿಮಾನವೇ ಹೆಚ್ಚು.

ಅರಸನನ್ನು ಬಿಟ್ಟು ಏರಿಯ ಮೇಲೆ ನಿಂತರೆ ಊರಿನ ಚರಿತ್ರೆ ಬೇರೆಯೇ ಕಾಣುತ್ತದೆ. ಮಳೆಗಾಲದಲ್ಲಿ ಗದ್ದೆಯ ಕೆಸರಿಗಿಳಿಯದೆ ಗಾಡಿ ದಾಟಬೇಕಾದರೆ ಬಯಲುಸೀಮೆಯಲ್ಲಿ ಏರಿಯೇ ಹಾದಿ. ಕೋಡಿ ಬಿದ್ದರೆ ಗಾಡಿಗಳು ಈಚೆಯೇ ನಿಲ್ಲಬೇಕು. ತೂಬು ಎತ್ತಲು ನೀರುಗಂಟಿ, ಏರಿಗೆ ಮಣ್ಣು ಹಾಕಲು ಒಡ್ಡರು, ಅವರಿಗೆ ಕೊಡಗೆಯ ಭೂಮಿ: ಕೆರೆಯಿರುವಲ್ಲಿ ಇಷ್ಟು ಮನೆಗಳು ಇದ್ದೇ ತೀರಬೇಕು. ಬುಕ್ಕಾಂಬುಧಿಯಂಥ ಕೂಡುದಾರಿಯ ಊರು ಇಂಥ ಜಾಗದಲ್ಲಿ ಬೆಳೆಯುತ್ತದೆಂಬುದು ನನ್ನ ಊಹೆ. (ಬೆಂಗಳೂರಿನ ಧರ್ಮಾಂಬುಧಿ ಬತ್ತಿ ಬಸ್ ನಿಲ್ದಾಣವಾಯಿತು; ಅಲ್ಲಿ ಕೆರೆ ಹೋಗಿ ದಾರಿಗಳಷ್ಟೇ ಉಳಿದವು.) ಮುಂದೆ ಬೆಂಗಳೂರು–ಹರಿಹರ ರೈಲು ಬಂದಾಗ ನಿಲ್ದಾಣಗಳು ಅಜ್ಜಂಪುರಕ್ಕೂ ಶಿವನಿಗೂ ದಕ್ಕಿದವು. ಬುಕ್ಕಾಂಬುಧಿಗೆ ರಸ್ತೆಯೇ ಗತಿಯಾಯಿತು. ಉಜ್ಜಯಿನಿ ಪೀಠದ ಸಿದ್ಧಲಿಂಗ ಜಗದ್ಗುರುಗಳ ತಪೋಭೂಮಿಯೆಂದು ಇಲ್ಲಿನ ಬೆಟ್ಟಕ್ಕೆ ನಡೆದುಕೊಳ್ಳುವ ಭಕ್ತರು ಬರುವುದೂ ಆ ರಸ್ತೆಯಲ್ಲೇ.

ಈ ಊಹೆಯನ್ನು ಒಡೆಯುವುದಾದರೂ ಗಟ್ಟಿಮಾಡುವುದಾದರೂ ಕೆರೆಯ ಪಾಲನೆಗೆ ಭೂಮಿ ಬಿಟ್ಟದ್ದನ್ನು ಹೇಳುವ ಸುತ್ತಲಿನ ಕೆರೆಗೊಡಗೆ, ಬಿತ್ತುವಟ್ಟದ ಶಾಸನಗಳಿಂದಲೇ ಆಗಬೇಕು. ಅವನ್ನು ಈಗಿನ ತಾಲ್ಲೂಕಾದ ಅಜ್ಜಂಪುರದ ಹೆಸರಿನಲ್ಲಿ ಹುಡುಕಿ 'ಶಾಸನವೇ ಇಲ್ಲ' ಎಂದು ಕೈತೊಳೆದುಕೊಳ್ಳುವವರಿದ್ದಾರೆ. ಆದರೆ ಶಾಸನಗಳನ್ನು ಸಂಗ್ರಹಿಸಿದ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 6ನೇ ಸಂಪುಟ 1901ರದು. ಅದರ ಜಿಲ್ಲೆ ಅಂದಿನ ಕಡೂರು, ಈ ಸೀಮೆಯ ಕಲ್ಲುಗಳಿರುವುದು ತರೀಕೆರೆ ತಾಲ್ಲೂಕಿನ ಪಟ್ಟಿಯಲ್ಲಿ.